ಕುಂಡಯಿ ಗೇಟಿನ ಎರಡನೇ ಭಾಷಣ

ಗೋವಾದ ಕುಂಡಯಿ ಕೈಗಾರಿಕಾ ವಸಾಹತಿನಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಪ್ಲಾಸ್ಟಿಕ್ ಡಬ್ಬಿ ಕಾರ್ಖಾನೆಯ ಗೇಟಿನೆದುರು ರಾತ್ರಿ ಪಾಳಿಯವರು ಹೊರಬೀಳುವ, ಬೆಳಗಿನ ಪಾಳಿಯವರು ಒಳನುಗ್ಗುವ ಹೊತ್ತು. ಕೆಂಬಾವುಟ ಕಟ್ಟಿದ ಟೆಂಪೋ ಮೇಲೆ ನಿಂತು ಕಾಮ್ರೇಡ್ ಕಾಯ್ತಾನ್ ಕೊಂಕಣಿಯಲ್ಲಿ ಮಾತನಾಡುತ್ತಿದ್ದಾರೆ. ಬಂಡವಾಳ ದೇಶದಿಂದ ದೇಶಕ್ಕೆ ಹೇಗೆ ಹಾರುತ್ತದೆ, ಎಲ್ಲಿ ಇಳಿಯುತ್ತದೆ, ಇಳಿದಲ್ಲಿ ಏನನ್ನು ಮೇಯುತ್ತದೆ ಎಂಬ ವಿವರಣೆ ಬಹಳ ಹೊತ್ತು ಸಾಗುತ್ತದೆ. ಅವರು ಉಸಿರೆಳೆದುಕೊಂಡಾಗ, ಪಕ್ಕದಲ್ಲಿ ತಲೆ ಮೇಲೆ ಸೆರಗು ಹೊದ್ದು ನಿಂತ ಅಖ್ತರಬಾನು ಮೈಕು ಇಸಿದುಕೊಳ್ಳುತ್ತಾರೆ.

“ದೊಡ್ಡ ಮಂದಿ ರೊಕ್ಕ ದೇಶಾ ದೇಶಾ ತಿರಗತೈತಂತ. ನಮ್ಮ ಕ್ಯಾಂಟೀನ್ ನೀರು ಮಾತ್ರ ಟಾಕಿಯೊಳಗ ನಿಂತಲ್ಲೇ ನಿಂತೈತಿ. ಅದರ ಮಾತೂ ಬರತೈತಿ, ತಡೀರಿ, ಹೋಗಬ್ಯಾಡ್ರಿ.”

ಗುಂಪು ನಗುತ್ತದೆ. ಕಾಯ್ತಾನ್ ತೃಪ್ತಿಯಿಂದ ತಲೆಯಾಡಿಸುತ್ತಾರೆ. ತಮ್ಮ ವಿಶ್ಲೇಷಣೆಯಲ್ಲಿ ಇಷ್ಟು ನಗುವಂಥದ್ದು ಏನಿತ್ತು ಎಂಬ ಸಣ್ಣ ಅನುಮಾನವೂ ಅವರ ಮುಖದ ಮೇಲೆ ಸುಳಿದು ಹೋಗುತ್ತದೆ. ಆದರೆ ಹೋಗಲು ಕಾಲೆತ್ತಿದ್ದವರು ನಿಂತಿದ್ದಾರೆ. ಸಭೆ ಮಾಡುವವರಿಗೆ ಅದಕ್ಕಿಂತ ಹೆಚ್ಚೇನು ಬೇಕು?

ಈ ಗೇಟಿನಲ್ಲಿ ಪ್ರತಿ ಸಭೆಗೂ ಎರಡು ಭಾಷಣ. ಮೊದಲನೆಯದು ನಾಯಕರದು, ಪತ್ರಿಕೆಯಲ್ಲಿ ಬಂದರೆ ಬರುವುದು ಅದೇ. ಎರಡನೆಯದು ಅಖ್ತರಬಾನು ಅವರದು. ಓಣಿಗೆ ಮುಟ್ಟುವುದು ಅದು. ಗುತ್ತಿಗೆ ಕೆಲಸಗಾರರಲ್ಲಿ ಬಹುಪಾಲು ವಿಜಯಪುರ, ಬಾಗಲಕೋಟೆ, ಕೊಪ್ಪಳದ ಕಡೆಯವರು. ಪೇಟೆಯಲ್ಲಿ ಮೀನು ಕೊಳ್ಳುವಷ್ಟು ಕೊಂಕಣಿ ಎಲ್ಲರಿಗೂ ಬರುತ್ತದೆ; ಕಾರ್ಮಿಕ ಕಾನೂನಿನಷ್ಟು ಬರುವುದಿಲ್ಲ. ಅಖ್ತರಬಾನು ಮುದ್ದೇಬಿಹಾಳದವರು. ಮನೆಯಲ್ಲಿ ದಖ್ಖನಿ ಉರ್ದು, ಓಣಿಯಲ್ಲಿ ಕನ್ನಡ, ಕಾರ್ಖಾನೆಯ ಆಫೀಸಿನಲ್ಲಿ ಹಿಂದಿ. ಕೊಂಕಣಿ, ಅದರ ಜೊತೆಗಿಷ್ಟು ಮರಾಠಿ ಬಂದದ್ದು ಇಲ್ಲಿನ ನಲ್ಲಿಯ ಸಾಲಿನಲ್ಲಿ ನಿಂತು.

“ಮೊದಲ ನಾವೆಲ್ಲಾ ಸುಮ್ನ ನಿಂತಿರ್ತಿದ್ವಿ. ಗೋವಾದವ್ರು ಚಪ್ಪಾಳಿ ಹೊಡದ್ರ ನಾವೂ ಹೊಡಿಯೂದು,” ಎಂದು ಅವರು ನೆನೆಯುತ್ತಾರೆ. “ಒಮ್ಮೆ ಕಾಯ್ತಾನಬಾಬ ಏನ್ ಹೇಳಾಕತ್ತಾರಂತ ಬಾಜೂದಾಕಿ ಕೇಳಿದ್ಲು. ಹೇಳಾಕತ್ತೆ. ಹಿಂದ ಯಾರು ಗದ್ಲಾ ಮಾಡಾಕತ್ತೀರಿ ಅಂತ ಅವರು ಒದರಿದ್ರು. ಬೈತಾರಂತ ಹೋದ್ರ ಕೈಯಾಗ ಮೈಕ ಕೊಟ್ರು.”

ಅಂದಿನಿಂದ ಅವರು ಮೈಕು ಬಿಟ್ಟಿಲ್ಲ. ಟೆಂಪೋ ಗಂಡ ದಾವಲಮಲಿಕರದು. ಬೆಳಗಿನ ಮೊದಲ ಬಾಡಿಗೆಗೆ ಮುನ್ನ ವೇದಿಕೆಯಾಗುವುದು ಅದರ ಧರ್ಮ. “ಮನ್ಯಾಗ ನನ್ನ ಮಾತೂ ಹಿಂಗ ತಿರುವತಾಳ್ರಿ. ನಾ ಹೇಳೂದೊಂದು, ಮಕ್ಕಳಿಗೆ ಮುಟ್ಟೂದೊಂದು,” ಎಂದು ಅವರು ದೂರುತ್ತಾರೆ.

“ನಿಮ್ಮ ಮಾತಿನ್ಯಾಗ ತಿರುವಾಕ ಏನೈತಿ? ಚಾ ಅನ್ನೂದು ಎಲ್ಲಾ ಭಾಷಾದಾಗೂ ಚಾ!”

ಕಾಯ್ತಾನ್ ಅವರಿಗೆ ಈ ಎರಡನೇ ಭಾಷಣದ ಗುಟ್ಟು ಗೊತ್ತಾಗಲು ವರ್ಷಗಳೇ ಬೇಕಾದವಂತೆ. “ನಾನು ಅರ್ಧ ಗಂಟೆ ಹೇಳಿದ್ದನ್ನು ಬಾನುಬಾಯ್ ಎರಡು ಮಾತಿನಲ್ಲಿ ಮುಗಿಸುತ್ತಿದ್ದಳು. ಕನ್ನಡ ಬಹಳ ಮಿತವ್ಯಯದ ಭಾಷೆ ಎಂದುಕೊಂಡಿದ್ದೆ,” ಎನ್ನುತ್ತಾರೆ ಆ ಹಿರಿಯರು. ಅವರ ದನಿಯಲ್ಲಿ ಸಿಟ್ಟಿಲ್ಲ.

ಗೋವಾದಲ್ಲಿ ಕೆಂಬಾವುಟ ಚುನಾವಣೆ ಗೆಲ್ಲುವುದು ಅಪರೂಪ. ಆದರೆ ಗೆಲ್ಲಬಯಸುವವರು ಅದರ ಕಚೇರಿಯ ಮೆಟ್ಟಿಲು ಹತ್ತಿ ಒಂದು ನಮಸ್ಕಾರ ಹಾಕಿ ಹೋಗುತ್ತಾರೆ. ಇಷ್ಟು ವರ್ಷ ಆ ನಮಸ್ಕಾರ ಸ್ವೀಕರಿಸಿದವರು ಕಾಯ್ತಾನ್. ಯಾರಿಗೆ ಬೆಂಬಲ ಎಂದು ಅವರು ಗೇಟಿನಲ್ಲಿ ಹೇಳಿದರೆ, ಸಂಜೆಯೊಳಗೆ ಕನ್ನಡದವರ ಚಾಳುಗಳಿಗೆ ಸುದ್ದಿ. ಜಾಣ ಅಭ್ಯರ್ಥಿಗಳು ಅಲ್ಲಿಂದ ನೇರ ಅಖ್ತರಬಾನು ಅವರ ಬಾಗಿಲಿಗೂ ಬರುತ್ತಾರೆ. “ಆರಿಸಿ ಬಂದ ಮ್ಯಾಲ ರಸ್ತಾದಾಗ ಕಂಡ್ರ ಗುರ್ತ ಹಿಡಿಯಂಗಿಲ್ರಿ. ಆವಾಗ ನಾವು ಘಾಟಿ ಮಂದಿ,” ಎಂದು ನಗುತ್ತಾರೆ ಅವರು. ಘಟ್ಟದ ಮೇಲಿನಿಂದ ಬಂದವರಿಗೆ ಇಲ್ಲಿ ಆ ಹೆಸರು.

ಈಗ ಕಾಯ್ತಾನ್ ಕಾರ್ಮಿಕ ಸಂಘದ ಕಾರ್ಯದರ್ಶಿ ಸ್ಥಾನದಿಂದ ಇಳಿಯುತ್ತಿದ್ದಾರೆ. ಮುಂದಿನ ಕಾರ್ಯದರ್ಶಿ ವಕೀಲೆ ರಂಜನಾ ಎಂಬುದು ನಿಶ್ಚಯವಾಗಿದೆ. ಕಾರವಾರದಿಂದ ಬಂದು ಇಲ್ಲಿನ ಬ್ಯಾಂಕಿನಲ್ಲಿ ದುಡಿದವರ ಮಗಳು. ಕೊಂಕಣಿ ಮನೆಮಾತು, ಕನ್ನಡವೂ ಚೆನ್ನಾಗಿ ಬರುತ್ತದೆ. ಅವರದೊಂದೇ ಷರತ್ತು: ಕಾಯಂ ನೌಕರರೇ ತುಂಬಿಕೊಂಡಿರುವ ಕಾರ್ಯಕಾರಿ ಸಮಿತಿಯಲ್ಲಿ ಗುತ್ತಿಗೆಯವರಿಗೊಂದು ಜಾಗ. ಆ ಜಾಗಕ್ಕೆ ಅಖ್ತರಬಾನು.

ಆ ಕುರ್ಚಿಯ ಬೆಲೆ ಏನೆಂದು ಅವರೇ ಬಿಡಿಸಿ ಹೇಳುತ್ತಾರೆ. “ಮಾಲಕರ ಜೋಡಿ ಮಾತಾಡೂ ಕೋಣ್ಯಾಗ ನಮ್ಮವ್ರು ಒಬ್ರೂ ಇರಂಗಿಲ್ಲ. ಗುತ್ತಿಗೆಯವ್ರ ಬೇಡಿಕಿ ಎಲ್ಲಾರಕಿಂತ ಕಡೀಕ ಬರಿತಾರ. ಚೌಕಾಶಿ ನಡದಾಗ ಎಲ್ಲಾರಕಿಂತ ಮೊದಲ ಬಿಡತಾರ.” ಇನ್ನೊಂದು ಬದಿಯೂ ಇದೆ. ಸಮಿತಿಯಲ್ಲಿ ಹೆಸರು ಬಂದರೆ ಗುತ್ತಿಗೆದಾರನ ಕಣ್ಣಿಗೂ ಬಂದಂತೆ. ಹಿಂದೆ ಎರಡು ಸಲ ಅವರನ್ನು ಗೇಟಿನಿಂದ ಹೊರಗೆ ನಿಲ್ಲಿಸಲಾಗಿದೆ. ಒಮ್ಮೆ ಸಂಘ ಒಳಗೆ ಕಳಿಸಿತು. ಇನ್ನೊಮ್ಮೆ ಗುತ್ತಿಗೆದಾರನೇ ಬದಲಾದದ್ದು ಅವರ ಅದೃಷ್ಟ.

ಭಾನುವಾರ ಫೋಂಡಾದ ಸಭಾಭವನದಲ್ಲಿ ಸಂಘದ ಸಮ್ಮೇಳನ. ಪಂಖಾಗಳ ಸದ್ದು ಭಾಷಣಗಳಿಗಿಂತ ಜೋರಾಗಿದೆ. ರಂಜನಾ ಕಾರ್ಯದರ್ಶಿಯಾಗಿ ಆಯ್ಕೆಯಾದ ಮೇಲೆ ಗುತ್ತಿಗೆಯವರ ಜಾಗದ ಪ್ರಸ್ತಾಪ ಬರುತ್ತದೆ. ಅಖ್ತರಬಾನು ಅವರ ಧೈರ್ಯ, ನಿಷ್ಠೆ, ತ್ಯಾಗಗಳನ್ನು ರಂಜನಾ ಕೊಂಕಣಿಯಲ್ಲಿ ಮನಸ್ಸು ಬಿಚ್ಚಿ ಹೊಗಳುತ್ತಾರೆ. ಹೊಗಳಿಕೆ ಮುಗಿದಾಗ ಎಲ್ಲರಿಗೂ ಪೇಚು. ಇದನ್ನು ಕನ್ನಡಕ್ಕೆ ತಿರುಗಿಸಬೇಕಾದವರೂ ಅಖ್ತರಬಾನು ಅವರೇ! ರೂಢಿಯ ಭರದಲ್ಲಿ ಬೇರೊಬ್ಬರನ್ನು ಗೊತ್ತುಮಾಡುವುದು ಯಾರಿಗೂ ಹೊಳೆದಿಲ್ಲ.

ಅವರು ಮೈಕು ಇಸಿದುಕೊಳ್ಳುತ್ತಾರೆ. “ಅಖ್ತರಬಾನು ಅಂತ ಒಬ್ಬಾಕಿ ಅದಾಳ. ಆಕೀನ ಕಮಿಟಿಗೆ ತಗೋಬೇಕಂತಾರ. ಬ್ಯಾಡ ಅನ್ನಾವ್ರು ಈಗ ಹೇಳ್ರಿ, ಆಮ್ಯಾಲ ಚಾದಂಗಡಿಯಾಗ ಹೇಳಬ್ಯಾಡ್ರಿ.”

ಓಂಕಾರ್ ಏಳುತ್ತಾರೆ. ಬೆಳಗಾವಿ ಮೂಲದವರು, ಕಾಯಂ ಯಂತ್ರಚಾಲಕರು, ಕೆಟ್ಟವರಲ್ಲ. ಮರಾಠಿಯಲ್ಲಿ ಸ್ವಲ್ಪ ತಡವರಿಸುತ್ತಾ ಹೇಳುತ್ತಾರೆ: ಗುತ್ತಿಗೆಯವರು ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ, ಗುತ್ತಿಗೆದಾರ ಹೊರಗೆ ಹಾಕಿದರೆ ಸಮಿತಿಯ ಮರ್ಯಾದೆಯೂ ಹೋದಂತೆ.

ಸಭೆ ಅಖ್ತರಬಾನು ಕಡೆ ತಿರುಗುತ್ತದೆ. ಉದ್ದದ ಭಾಷಣಗಳನ್ನು ಎರಡು ಮಾತಿಗೆ ಇಳಿಸುತ್ತ ಬಂದವರಿಗೆ ಇದೊಂದನ್ನು ಅರ್ಧಕ್ಕೆ ಇಳಿಸುವುದು ಕಷ್ಟವೇನಲ್ಲ. ಕೇಳುವವರಾದರೂ ಯಾರು? ಅವರು ಗಂಟಲು ಸರಿಮಾಡಿಕೊಳ್ಳುತ್ತಾರೆ.

“ಓಂಕಾರ್ ಹೇಳಾಕತ್ತಾರ, ನಾವು ಗುತ್ತಿಗೆಯವ್ರು ಇವತ್ತ ಇಲ್ಲಿ, ನಾಳೆ ಇನ್ನೆಲ್ಲೋ. ನಾಳೆ ಈಕೀನ ಗೇಟಿನಿಂದ ಹೊರಗ ಹಾಕಿದ್ರ ಕಮಿಟಿ ಮರ್ಯಾದಿ ಏನಾತು ಅಂತಾರ. ಖರೇ ಐತಿ. ಈಕೀನ ಎರಡ ಸಲ ಹೊರಗ ಹಾಕ್ಯಾರ. ಇದು ಅವರು ಹೇಳಿಲ್ಲ, ಅವರಿಗೆ ಗೊತ್ತಿಲ್ಲ, ನಾನ ಸೇರಿಸಾಕತ್ತೇನಿ. ನಿಮಗ ಎರಡೂ ಕಡೀದು ಗೊತ್ತಿರಲಿ. ಈಗ ಬೇಕು ಅನ್ನಾವ್ರು ಕೈ ಎತ್ತರಿ.”

ಮೊದಲು ಎದ್ದದ್ದು ಹಿಂದಿನ ಸಾಲಿನ ಹೆಂಗಸರ ಕೈಗಳು. ನಂತರ ಕಾಯಂ ನೌಕರರ ಸಾಲುಗಳಲ್ಲೂ ಅಲ್ಲೊಂದು ಇಲ್ಲೊಂದು, ಆಮೇಲೆ ಎಣಿಸುವ ಅಗತ್ಯವೇ ಇಲ್ಲದಷ್ಟು. ಕೈ ಎತ್ತದೆ ಉಳಿದವರಲ್ಲಿ ಅಖ್ತರಬಾನು ಕೂಡ ಒಬ್ಬರು. ಎತ್ತಿರೆಂದು ಹೇಳುವ ಗಡಿಬಿಡಿಯಲ್ಲಿ ತಮ್ಮದೂ ಒಂದು ಮತವಿದೆ ಎಂಬುದು ಮರೆತೇಹೋಗಿದೆ.

“ಊರಿಗೆಲ್ಲಾ ಹೇಳಿ ತಾನ ಮರತಾಳ ನೋಡ್ರಿ,” ಎಂದು ದಾವಲಮಲಿಕ ಬಾಗಿಲ ಬಳಿ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದಾರೆ. ದೂರಿನ ಧಾಟಿ, ಮುಖ ಮಾತ್ರ ಅರಳಿಕೊಂಡಿದೆ.

ಊಟದ ಸಾಲಿನಲ್ಲಿ ಓಂಕಾರ್ ತಾವಾಗಿಯೇ ಬಂದು ಹರಕು ಕನ್ನಡದಲ್ಲಿ ಮಾತಾಡಿಸುತ್ತಾರೆ. “ಬಾನಕ್ಕಾ, ನನ್ನ ಮಾತು ನನಗಿಂತ ಚಲೋ ಹೇಳಿದ್ರಿ.”

“ಮತ್ತ ಯಾಕ ಸೋತ್ರಿ?” ಎಂದು ಅಖ್ತರಬಾನು ಓಂಕಾರರ ತಟ್ಟೆಗೆ ಇನ್ನಷ್ಟು ಅನ್ನ ಬಡಿಸುತ್ತಾರೆ.

ಸೋಮವಾರ ಬೆಳಿಗ್ಗೆ ಅವರು ಎಂದಿನಂತೆ ಪಾಳಿಗೆ ಬಂದಿದ್ದಾರೆ. ಗುತ್ತಿಗೆದಾರನ ಸೂಪರ್‌ವೈಸರ್ ಮೇಲೆ ಕೆಳಗೆ ನೋಡಿ, “ಏನ್ ಲೀಡರ್ ಮೇಡಂ, ಇನ್ನ ಕೆಲಸ ಮಾಡ್ತೀರೋ ಇಲ್ಲೋ?” ಎನ್ನುತ್ತಾನೆ. “ಕೆಲಸಾನೂ ಮಾಡ್ತೇನಿ, ಮಾತೂ ಆಡ್ತೇನಿ. ನೀವು ಎರಡೂ ನೋಡ್ಕೋರಿ,” ಎಂದು ಅವರು ಒಳಗೆ ಹೋಗುತ್ತಾರೆ. ಮುಂದಿನ ವಾರ ಏನಾದೀತು, ಯಾರಿಗೂ ಗೊತ್ತಿಲ್ಲ. ಈ ಸಲ ಗೇಟು ಮುಚ್ಚಿದರೆ ಹೊರಗೆ ನಿಲ್ಲುವವರು ಅವರೊಬ್ಬರೇ ಅಲ್ಲ ಎಂದು ಹೊಸ ಕಾರ್ಯದರ್ಶಿ ಮಾತು ಕೊಟ್ಟಿದ್ದಾರೆ.

ಸಮಿತಿಯ ಮೊದಲ ಸಭೆ ಇದೇ ಶುಕ್ರವಾರ. ಅಲ್ಲಿ ನಡೆಯುವುದೆಲ್ಲ ಕೊಂಕಣಿಯಲ್ಲಿ. ಅಖ್ತರಬಾನು ಮಾತ್ರ ಕನ್ನಡದಲ್ಲೇ ಮಾತಾಡುವವರಿದ್ದಾರೆ. ಅದನ್ನು ಕೊಂಕಣಿಗೆ ತಿರುಗಿಸಲು ರಂಜನಾ ಒಪ್ಪಿಕೊಂಡಿದ್ದಾರೆ. ಕೊಂಕಣಿ ಇಷ್ಟು ಚೆನ್ನಾಗಿ ಬರುವಾಗ ಈ ಹಟ ಯಾಕೆ ಎಂದರೆ, ಸೆರಗು ಸರಿಮಾಡಿಕೊಂಡು ನಗುತ್ತಾರೆ.

“ಬರತೈತ್ರಿ. ಆದ್ರ ಇಷ್ಟ ದಿನ ಎಲ್ಲಾರ ಮಾತು ನಾ ಹೊತ್ತೇನಿ. ಒಮ್ಮೆ ನನ್ನ ಮಾತು ಯಾರರ ಹೊರಲಿ. ರಂಜನಾಬಾಯಾರಿಗೆ ಒಂದ ಕರಾರು ಹಾಕೇನಿ: ನಾ ಹೇಳಿದಷ್ಟೂ ಹೇಳಬೇಕು, ಒಂದ ಅಕ್ಷರ ಬಿಡಬಾರದು. ನಡುವ ನಿಂತಾವ್ರು ಏನೇನ ನುಂಗ್ತಾರಂತ ನನಗಷ್ಟ ಯಾರಿಗೆ ಗೊತ್ತೈತಿ?”