ಹಸಿರು ಮರುಭೂಮಿಯಲ್ಲಿ ಹೂತ ಗಾಡಿ

ಸಿಡ್ನಿಯಿಂದ ಬಂದವರಿಗೆ ಮೆಲ್ಬರ್ನ್ ತೋರಿಸುವುದು ಒಂದು ಶಿಕ್ಷೆ. ಯಾರ್ರಾ ನದಿ ತೋರಿಸಿದರೆ ಅವರು ತಮ್ಮ ಹಾರ್ಬರ್ ನೆನಪಿಸಿಕೊಳ್ಳುತ್ತಾರೆ. ಬೀಚಿಗೆ ಕರೆದೊಯ್ದರೆ ನಮ್ಮನ್ನೇ ಅಯ್ಯೋ ಪಾಪ ಎಂಬಂತೆ ನೋಡುತ್ತಾರೆ. ಆ ವಸಂತದ ರಜೆಯಲ್ಲಿ ಸಿಡ್ನಿಯ ಮಾರ್ಸ್ಡನ್ ಪಾರ್ಕಿನಿಂದ ಮೆಲ್ಬರ್ನಿನ ಟ್ರುಗನಿನಾದ ನಮ್ಮ ಮನೆಗೆ ಬಂದಿದ್ದವಳು, ಧಾರವಾಡದ ಹಾಸ್ಟೆಲಿನಲ್ಲಿ ಮೂರು ವರ್ಷ ನನ್ನ ಜೊತೆ ಒಂದೇ ಕೋಣೆಯಲ್ಲಿದ್ದ ಗೆಳತಿ. ಜೊತೆಗೆ ಅವಳ ಬೆಂಗಳೂರಿನ ಗಂಡ, ಹನ್ನೆರಡು ವರ್ಷದ ಮಗಳು ಮತ್ತು ಅವರ ಹೊಸ ಗಾಡಿ. ನಾನು ಗಾಡಿಯನ್ನು ಕೊನೆಯಲ್ಲಿ ಹೇಳಿದೆ. ಅವಳ ಯಜಮಾನರು ಮೊದಲು ಪರಿಚಯ ಮಾಡಿಕೊಟ್ಟಿದ್ದು ಅದನ್ನೇ.

ಕಪ್ಪು ಬಣ್ಣದ, ಏಳು ಸೀಟಿನ ಫೋರ್ ವೀಲ್ ಡ್ರೈವ್. ಮನೆಯಿಂದ ಆಫೀಸಿಗೆ, ಆಫೀಸಿನಿಂದ ಮನೆಗೆ, ಶನಿವಾರ ಇಂಡಿಯನ್ ಅಂಗಡಿಗೆ ಹೋಗಿ ಬರಲು ಅಂಥದ್ದೇ ಬೇಕಂತೆ. ಗೇರ್ ಪಕ್ಕದಲ್ಲಿ ತಿರುಗಿಸುವ ಗುಂಡಿಯೊಂದಿತ್ತು. ಅದರ ಸುತ್ತ ಹಿಮ, ಕೆಸರು, ಮರಳು, ಬಂಡೆಗಳ ಪುಟ್ಟ ಪುಟ್ಟ ಚಿತ್ರಗಳು.

"ಇದನ್ನ ಯೂಸ್ ಮಾಡೋಕೆ ಇನ್ನೂ ಚಾನ್ಸೇ ಸಿಕ್ಕಿಲ್ಲ," ಎಂದರು, ಮನೆಯ ಮಗನಿಗೆ ಇನ್ನೂ ಹೆಣ್ಣು ಸಿಕ್ಕಿಲ್ಲ ಎನ್ನುವಷ್ಟು ದುಃಖದಿಂದ.

ದಿನಕ್ಕೆ ನಾಲ್ಕು ಮಾತಾಡುವ ನನ್ನ ಗಂಡ ಅವತ್ತಿನ ಪಾಲಿನ ಮಾತನ್ನು ಅಲ್ಲಿ ಖರ್ಚು ಮಾಡಿಬಿಟ್ಟರು. "ಲಿಟಲ್ ಡೆಸರ್ಟ್ ಅಂತ ಒಂದು ಐತ್ರಿ. ನಾಲ್ಕ್ ತಾಸಿನ ದಾರಿ." ಮ್ಯಾಪಿನಲ್ಲಿ ಹೆಸರು ಕಂಡಿದ್ದರೇ ಹೊರತು ಅವರಿಗೂ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ.

ಮರುಭೂಮಿ! ಯಜಮಾನರು ಆಗಲೇ ಮರಳಿನ ಗುಡ್ಡಗಳ ಮೇಲೆ ಹಾರುತ್ತಿದ್ದರು. ಹಿಂದಿನ ವರ್ಷ ದುಬೈಯಲ್ಲಿ ಹಣ ಕೊಟ್ಟು ಯಾರದೋ ಗಾಡಿಯಲ್ಲಿ ಕುಳಿತು ವಾಂತಿ ಮಾಡಿಕೊಂಡು ಬಂದಿದ್ದರಂತೆ. ಈಗ ಅದೇ ಸುಖ ಸ್ವಂತ ಗಾಡಿಯಲ್ಲಿ.

ಮಾರನೆಯ ದಿನ ಬೆಳಿಗ್ಗೆ ಆರಕ್ಕೇ ಹೊರಟೆವು. ಗೆಳತಿ ಕಟಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡಿದ್ದಳು. ನಾನು ಮೊಸರನ್ನ ಕಲಸಿದ್ದೆ. ಬಲರಾಟ್‌ನಲ್ಲಿ ಕಾಫಿ ಕುಡಿದಾಗ "ಸಿಡ್ನಿ ಕಾಫಿ ಇನ್ನೂ ಸ್ಟ್ರಾಂಗು" ಎಂಬ ತೀರ್ಪು ಬಂತು. ಮುಂದೆ ಹೆದ್ದಾರಿಯ ಬದಿಗೆ ನಾಲ್ಕು ಮಹಡಿ ಎತ್ತರದ ಕೋಲಾ ಕರಡಿಯ ಬೊಂಬೆ ಸಿಕ್ಕಿತು. ಮರದ ಮೇಲೆ ನಿದ್ದೆ ಹೊಡೆಯುವ ಆ ಸಾಧು ಪ್ರಾಣಿಯನ್ನು ರಾಕ್ಷಸನ ಹಾಗೆ ಮಾಡಿ ನಿಲ್ಲಿಸಿದ್ದರು. ಅದರ ಕೆಳಗೆ ನಿಂತು ಎಲ್ಲರೂ ಹಲ್ಲು ಕಿರಿದು ಫೋಟೋ ತೆಗೆಸಿಕೊಂಡೆವು. ಆಮೇಲೆ ಗುಲಾಬಿ ಬಣ್ಣದ ಕೆರೆ. ಅವತ್ತು ಅದು ಬೆಳ್ಳಗಿತ್ತು. "ಫೋನಲ್ಲಿ ಫಿಲ್ಟರ್ ಹಾಕಿದ್ರೆ ಪಿಂಕ್ ಆಗುತ್ತೆ" ಎಂದು ಯಜಮಾನರು ಧೈರ್ಯ ಹೇಳಿದರು. ಆಯಿತು ಕೂಡ.

ಹನ್ನೊಂದರ ಹೊತ್ತಿಗೆ ಮರುಭೂಮಿ ತಲುಪಿದೆವು. ಬೋರ್ಡಿನಲ್ಲಿ ಹಾಗೆಂದು ಬರೆದಿತ್ತು, ಆದ್ದರಿಂದ ನಂಬಿದೆವು. ಕಣ್ಣು ಹಾಯಿಸಿದಲ್ಲೆಲ್ಲ ಹಸಿರು. ಮೊಳಕಾಲೆತ್ತರದ ಪೊದೆಗಳು, ಗಿಡ್ಡ ಮರಗಳು, ಅವುಗಳ ನಡುವೆ ಹಳದಿ, ನೇರಳೆ, ಬಿಳಿ ಹೂಗಳು. ಯಾರೋ ಪುಣ್ಯಾತ್ಮರು ತೋಟಕ್ಕೆ ತಪ್ಪು ಹೆಸರಿಟ್ಟು ಹೋದಂತಿತ್ತು.

"ಡ್ಯಾಡ್, ದೇರ್ಸ್ ನೋ ಸ್ಯಾಂಡ್. ಇಟ್ಸ್ ಜಸ್ಟ್ ಬುಷಸ್," ಎಂದಳು ಮಗಳು.

"ಒಳಗಡೆ ಇರುತ್ತೆ ಪುಟ್ಟಾ," ಎಂದು ಯಜಮಾನರು ಡಾಂಬರು ಬಿಟ್ಟು ಗಾಡಿಯನ್ನು ಪಕ್ಕದ ಕಾಲುದಾರಿಯಂಥ ಟ್ರ್ಯಾಕಿಗೆ ತಿರುಗಿಸಿದರು. ಗುಂಡಿಯನ್ನು ಮರಳಿನ ಚಿತ್ರಕ್ಕೆ ತಿರುಗಿಸುವಾಗ ಅವರ ಮುಖದಲ್ಲಿ ಪೂಜೆಗೆ ಕುಳಿತವರ ಕಳೆಯಿತ್ತು. ಒಳಗಡೆ ನಿಜಕ್ಕೂ ಮರಳಿತ್ತು. ಇಡೀ ಮರುಭೂಮಿಯಲ್ಲಿ ನಮಗೆ ಕಂಡಿದ್ದು ಅದೊಂದೇ ಮರಳು. ಹುಡುಕಿಕೊಂಡು ಹೋಗಿ ಅದರಲ್ಲೇ ಹೂತುಕೊಂಡೆವು.

ಅವರು ಆಕ್ಸಿಲರೇಟರ್ ಒತ್ತಿದಷ್ಟೂ ಗಾಲಿಗಳು ಸುಯ್ಯೆಂದು ತಿರುಗಿ ಕೆಳಗಿಳಿದವು. ಎಲ್ಲರೂ ಇಳಿದು ನೋಡಿದಾಗ ಗಾಡಿ ಹೊಟ್ಟೆ ಊರಿ ಮಲಗಿತ್ತು.

ಗೆಳತಿ ಬಗ್ಗಿ ಹಿಂದಿನ ಗಾಲಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. "ರೀ, ಗಾಲ್ಯಾಗಿನ ಗಾಳಿ ಇಳಸ್ರಿ. ಹಳ್ಳದ ಉಸುಕಿನಾಗ ಟ್ರ್ಯಾಕ್ಟರ್ ಸಿಕ್ಕೊಂಡಾಗ ನಮ್ಮಪ್ಪ ಹಂಗ ಮಾಡ್ತಿದ್ದ." ನವಲಗುಂದದ ಕಡೆಯ ಹೊಲದ ಮನೆಯವಳು ಅವಳು. ಡಿಗ್ರಿಗಿಂತ ಮೊದಲೇ ಟ್ರ್ಯಾಕ್ಟರ್ ಓಡಿಸಲು ಕಲಿತಿದ್ದು ನನಗೆ ಗೊತ್ತಿತ್ತು.

"ಇದು ಟ್ರ್ಯಾಕ್ಟರ್ ಅಲ್ಲ ಕಣೇ. ಇದರಲ್ಲಿ ಟೆರೇನ್ ಮೋಡ್ ಇದೆ. ಸ್ವಲ್ಪ ಸುಮ್ನಿರು," ಎಂದು ಯಜಮಾನರು ಮ್ಯಾನ್ಯುಯಲ್ ಪುಸ್ತಕ ಹುಡುಕತೊಡಗಿದರು. ಫೋನಿಗೆ ನೆಟ್‌ವರ್ಕ್ ಇರಲಿಲ್ಲ.

ಅವಳು ನನ್ನತ್ತ ನೋಡಿದಳು. ನಾನು ಹೂಗಳ ಕಡೆ ನೋಡಿದೆ. ಪರರ ಸಂಸಾರದಲ್ಲಿ ಬಾಯಿ ಹಾಕಬಾರದೆಂಬ ದೊಡ್ಡತನ ನನಗೆ ಅನುಕೂಲವಿದ್ದಾಗಲೆಲ್ಲ ನೆನಪಾಗುತ್ತದೆ. ಗಂಡಸರಿಬ್ಬರು ಹಿಂದಿನಿಂದ ತಳ್ಳಿದರು, ಮುಂದಿನಿಂದ ತಳ್ಳಿದರು, ಟೊಂಗೆ ಮುರಿದು ಗಾಲಿಯ ಕೆಳಗಿಟ್ಟರು. ಮುಕ್ಕಾಲು ಗಂಟೆ ಕಳೆಯಿತು. ಗಾಡಿ ಇನ್ನೂ ಅರ್ಧ ಗೇಣು ಇಳಿಯಿತು.

ಆಗ ಧೂಳು ಹಿಡಿದ ಹಳೆಯ ಯೂಟ್, ಅಂದರೆ ಹಿಂಭಾಗ ತೆರೆದ ಪಿಕಪ್ ಗಾಡಿಯೊಂದು ಬಂದು ನಿಂತಿತು. ಹಿಂದೆ ನಾಯಿ, ಮುಂದೆ ಅಗಲ ಟೋಪಿಯ, ಎಪ್ಪತ್ತು ದಾಟಿದ ಬಿಳಿ ಅಜ್ಜಿ. ಕಿಟಕಿಯಿಂದಲೇ ಒಮ್ಮೆ ನೋಡಿ, "ಟಯರ್ಸ್ ಆರ್ ಟೂ ಹಾರ್ಡ್, ಮೇಟ್. ಲೆಟ್ ಸಮ್ ಏರ್ ಔಟ್," ಎಂದಳು.

"ಬ್ರಿಲಿಯಂಟ್!" ಎಂದರು ಯಜಮಾನರು. "ವಿ ನೆವರ್ ಥಾಟ್ ಆಫ್ ದಟ್! ಥ್ಯಾಂಕ್ ಯೂ ಸೋ ಮಚ್!"

ಆ 'ವಿ' ಎಂಬುದರಲ್ಲಿ ನಾವೆಲ್ಲ ಸೇರಿದ್ದೆವು. ಗೆಳತಿಯೂ. ಮಗಳು ಅಮ್ಮನನ್ನು, ಅಪ್ಪನನ್ನು ನೋಡಿ, "ಬಟ್ ಅಮ್ಮ ಸೆಡ್..." ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದಳು. ನನ್ನ ಗಂಡ ಕೆಮ್ಮಿದರು.

ಯಜಮಾನರು ಭಕ್ತಿಯಿಂದ ಮೊಳಕಾಲೂರಿ ನಾಲ್ಕೂ ಗಾಲಿಗಳ ಗಾಳಿ ಇಳಿಸಿದರು. ಎದ್ದು ಮಂಡಿ ಝಾಡಿಸುವಷ್ಟರಲ್ಲಿ ಗೆಳತಿ ಕೈ ಚಾಚಿದಳು.

"ಕೀ ಕೊಡ್ರಿ."

"ನೀನಾ? ತುಂಬಾ ಹೆವಿ ಗಾಡಿ ಕಣೇ..."

"ಕೀ ಕೊಡ್ರಿ ಅಂದೆ."

ದನಿ ಏರಿಸಲಿಲ್ಲ. ಹಾಸ್ಟೆಲಿನಲ್ಲಿ ವಾರ್ಡನ್ ಮುಂದೆ ಹಾಗೆ ಮಾತಾಡುತ್ತಿದ್ದಳು. ಇಪ್ಪತ್ತು ವರ್ಷಗಳಿಂದ ನಾನು ಆ ದನಿ ಕೇಳಿರಲಿಲ್ಲ. ಕೀ ಕೈಗೆ ಬಂತು. ಮುಂದೆ ನುಗ್ಗದೆ, ಬಂದ ಜಾಡಿನಲ್ಲೇ ಹಿಂದಕ್ಕೆ, ಬ್ರೇಕ್ ಮುಟ್ಟದೆ ನಿಧಾನವಾಗಿ ಬಿಟ್ಟಳು. ಗಾಡಿ ಒಮ್ಮೆ ಓಲಾಡಿತು, ನರಳಿತು, ಗಟ್ಟಿ ನೆಲಕ್ಕೆ ಬಂತು. ಅಜ್ಜಿ ಟೋಪಿ ತೆಗೆದು ಬೀಸಿದಳು. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಧೂಳು ಎಂದು ಹೇಳಿದೆ.

ಅಜ್ಜಿಯ ಯೂಟಿನಲ್ಲಿ ಗಾಳಿ ತುಂಬುವ ಪಂಪಿತ್ತು. ಗಾಲಿಗಳು ತುಂಬುವವರೆಗೆ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚಿದೆವು. ಆಕೆ ಶೇಂಗಾ ಹಿಂಡಿ ತಿಂದು ಖಾರಕ್ಕೆ ಕೆಮ್ಮಿ, ಕೆಂಪಾಗಿ, ಮತ್ತಷ್ಟು ಕೇಳಿದಳು. ಹಿಂದೆ ಇಲ್ಲಿಗೆ ಬಂದ ರೈತರು ಈ ನೆಲದಲ್ಲಿ ಗೋದಿ ಬೆಳೆಯದ್ದಕ್ಕೆ ಇದನ್ನು ಡೆಸರ್ಟ್ ಎಂದು ಕರೆದುಬಿಟ್ಟರು ಎಂದು ಹೇಳಿದಳು. ಆಮೇಲೆ ನಮ್ಮನ್ನು ಪೊದೆಯೊಂದರ ಬುಡಕ್ಕೆ ಕರೆದೊಯ್ದು ಉಗುರಿನಷ್ಟು ಚಿಕ್ಕ ಆರ್ಕಿಡ್ ಹೂ ತೋರಿಸಿದಳು. ಮಗಳು ನೆಲಕ್ಕೆ ಕೆನ್ನೆ ಹಚ್ಚಿ ಅದನ್ನು ತುಂಬಾ ಹೊತ್ತು ನೋಡಿದಳು. ಯಜಮಾನರು ಮಾತ್ರ ಗಾಡಿಯ ಮೇಲಿನ ಗೀರುಗಳನ್ನು ಎಣಿಸುತ್ತಿದ್ದರು.

ಮರಳಿ ಬರುವಾಗಲೂ ಸ್ಟೇರಿಂಗ್ ಗೆಳತಿಯ ಕೈಯಲ್ಲೇ ಇತ್ತು. ಯಜಮಾನರು ಹಿಂದೆ ತಿರುಗಿ ನನ್ನ ಗಂಡನಿಗೆ, "ಸ್ಯಾಂಡ್ ಡ್ರೈವಿಂಗಲ್ಲಿ ಮೊದಲನೇ ರೂಲ್ ಏನ್ ಗೊತ್ತಾ? ಏರ್ ಪ್ರೆಶರ್," ಎಂದು ಪಾಠ ಮಾಡಿದರು. ನನ್ನ ಗಂಡ ಕಿಟಕಿಯ ಹೊರಗೆ ಕುರಿಗಳನ್ನು ನೋಡುತ್ತ ಹೂಂಗುಟ್ಟಿದರು.

ಪೆಟ್ರೋಲ್ ಬಂಕಿನಲ್ಲಿ ನಾವಿಬ್ಬರೇ ಇದ್ದಾಗ ಕೇಳಿದೆ, "ಸಿಟ್ಟ ಬಂದೇತೇನ್ ನನ್ನ ಮ್ಯಾಲೆ?"

"ನಿನ್ನ ಮ್ಯಾಲೆ ಯಾಕ ಬರ್ತದ?" ಎಂದಳು. ಪೆಟ್ರೋಲ್ ಪೈಪು ತೆಗೆದು ತೂಗುಹಾಕಿದ ಮೇಲೆ, "ಹೂಂ, ಸ್ವಲ್ಪ ಬಂದಿತ್ತು. ನೀನರ ನನ್ನ ಪರ ಒಂದು ಮಾತು ಆಡಬೇಕಾಗಿತ್ತಲೇ," ಎಂದಳು.

"ಹೌದು," ಎಂದೆ.

ಎರಡು ವಾರದ ಮೇಲೆ ಫೋನ್ ಮಾಡಿದಳು. ಯಜಮಾನರು ಸ್ವಂತಕ್ಕೊಂದು ಪಂಪು ಕೊಂಡು, ಅಕ್ಕಪಕ್ಕದವರಿಗೆಲ್ಲ ಡೆಸರ್ಟ್ ಅನುಭವ ಹೇಳುತ್ತಿದ್ದಾರಂತೆ. ಕತೆಯಲ್ಲಿ ಅಜ್ಜಿಯೂ ಇಲ್ಲವಂತೆ ಈಗ.

"ನೀ ಏನ್ ಅಂದಿ?"

"ಏನ್ ಅನ್ನೂದೈತಿ? ಶನಿವಾರ ಸ್ಟಾಕ್ಟನ್ ಉಸುಕಿನ ದಿಬ್ಬಕ್ಕ ಹೊಂಟೇವಿ. ಡ್ರೈವಿಂಗ್ ನಂದ. ಅವರು ಪಂಪ್ ಹಿಡ್ಕೊಂಡ ಕುಂದರ್ತಾರ."