ಹಳದಿ ಹೊಳೆಯುವ ಕಲ್ಲು

ಹಟದಲ್ಲಿ ಅವಳನ್ನು ಮೀರಿಸುವವರು ಆ ಗಣಿಯಲ್ಲಿ ಯಾರೂ ಇರಲಿಲ್ಲ. ಹಗಲಿಡೀ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಅದಿರು ಆಯುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವಳು ಕತ್ತಲಕ್ಕ. ಮೇಜಿನ ಮೇಲೆ ನೇರಳೆ ದೀಪ ತೂಗುತ್ತಿರುತ್ತದೆ. ಅದರ ಕೆಳಗೆ ಟಂಗ್‌ಸ್ಟನ್ ಎಂಬ ಲೋಹ ಇರುವ ಕಲ್ಲು ನೀಲಿಯಾಗಿ ಹೊಳೆಯುತ್ತದೆ. ಹೊಳೆದದ್ದು ಬುಟ್ಟಿಗೆ, ಹೊಳೆಯದ್ದು ಹೊರಗಿನ ಕಸದ ಗುಡ್ಡೆಗೆ. ನಲವತ್ತು ಹೆಂಗಸರ ಕೆಲಸ ಇಷ್ಟೇ. ಹೇಳಲು ಸುಲಭ, ಎಂಟು ಗಂಟೆ ಕೂತು ನೋಡಬೇಕು.

ಕೆಲವು ಕಲ್ಲುಗಳು ಹಳದಿಯಾಗಿ ಹೊಳೆಯುತ್ತಿದ್ದವು. ಅವುಗಳಲ್ಲಿ ಟಂಗ್‌ಸ್ಟನ್ ಜೊತೆ ಇನ್ನೊಂದು ಲೋಹ ಬೆರೆತಿದೆ, ಕೊಳ್ಳುವವರು ಒಪ್ಪುವುದಿಲ್ಲ, ಕಸಕ್ಕೆ ಹಾಕಿ ಎಂದಿದ್ದ ಹಳೆಯ ಮೇಸ್ತ್ರಿ. ಊರಿಗೊಂದು ದಾರಿಯಾದರೆ ಇವಳಿಗೊಂದು ದಾರಿ. ಎಲ್ಲರ ಮೇಜಿನಿಂದಲೂ ಹಳದಿ ಕಲ್ಲು ಬಾಚಿಕೊಂಡು, ಅರವತ್ತು ಹೆಜ್ಜೆ ಆಚೆ, ಪಾಳುಬಿದ್ದ ಪಂಪ್‌ಮನೆಯ ಹಿಂದಿನ ತಗ್ಗಿಗೆ ಸುರಿದು ಬರುತ್ತಿದ್ದಳು. ಹೀಗೆ ಇಪ್ಪತ್ತಾರು ವರ್ಷ.

"ಅತ್ತಿಗೆ, ಕಸಕ್ಕೂ ಬೇರೆ ಮನೆ ಕಟ್ಟಿಸ್ತೀರಾ?" ಎಂದು ಎದುರು ಮೇಜಿನ ನಾದಿನಿ ಛೇಡಿಸುತ್ತಿದ್ದಳು.

"ಹೊಳೆಯೋದನ್ನ ಕಸದ ಜೊತೆ ಸೇರಿಸೋಕೆ ನನಗೆ ಕೈ ಬರಲ್ಲ ಕಣೇ."

ಈ ವರ್ಷ ಕಡಲಾಚೆಯ ದೊಡ್ಡ ದೇಶವೊಂದು ಟಂಗ್‌ಸ್ಟನ್ ಮಾರುವುದನ್ನೇ ನಿಲ್ಲಿಸಿತು. ಉಕ್ಕು ಕೊರೆಯುವ ಮೊನೆಗೂ ಅದೇ ಬೇಕು, ಫಿರಂಗಿಯ ಗುಂಡಿಗೂ ಅದೇ ಬೇಕು. ಉಳಿದ ದೇಶದವರು ನಾ ಮುಂದು ತಾ ಮುಂದು ಎಂದು ಗಣಿಯ ಬಾಗಿಲಿಗೆ ಬಂದರು. ಬಂದ ಹೊತ್ತಿಗೆ ಹಳೆಯ ಸುರಂಗ ಬರಿದಾಗಿತ್ತು, ಹೊಸದು ಮುಗಿಯಲು ಮೂರು ತಿಂಗಳು ಬೇಕಿತ್ತು. ತಿಂಗಳೊಳಗೆ ಇನ್ನೂ ಹದಿನೈದು ಲಾರಿ ಅದಿರು ಹೋಗದಿದ್ದರೆ ಒಪ್ಪಂದ ಬೇರೆ ದೇಶದ ಗಣಿಗೆ ಹೋಗುತ್ತದೆ, ಆಯುವ ಕೋಣೆಗೆ ಬೀಗ ಬೀಳುತ್ತದೆ ಎಂದು ಮ್ಯಾನೇಜರು ಬಂದು ಹೇಳಿದರು.

ನಾದಿನಿ ಅತ್ತಳು. ಕತ್ತಲಕ್ಕನಿಗೆ ಬಂದದ್ದು ಸಿಟ್ಟು.

"ಸಾರ್, ಹಳದಿ ಕಲ್ಲು ಈಗ ತಗೊಳ್ತಾರಾ?"

"ತಗೊಳ್ತಾರಮ್ಮ, ಬೇರ್ಪಡಿಸೋ ಯಂತ್ರ ಈಗ ಅವರ ಹತ್ರ ಇದೆ. ಆದ್ರೆ ಅದೆಲ್ಲ ಕಸದ ಗುಡ್ಡೇಲಿ ಬೆರೆತು ಹೋಗಿದೆಯಲ್ಲ."

"ಬೆರೆತಿಲ್ಲ. ಬನ್ನಿ."

ಪಂಪ್‌ಮನೆಯ ಹಿಂದೆ ತಗ್ಗೂ ಕಾಣಲಿಲ್ಲ, ಕಲ್ಲೂ ಕಾಣಲಿಲ್ಲ. ಹಳೆಯ ಸುರಂಗ ಬರಿದಾದ ಮೇಲೆ ಅವಳು ಇತ್ತ ಬಂದಿರಲಿಲ್ಲ, ಅಷ್ಟರಲ್ಲಿ ಯಾರೋ ಹೊಸ ಸುರಂಗದ ಮಣ್ಣು ಸುರಿದು ಸಮ ಮಾಡಿದ್ದರು. ಅವಳು ಸೆರಗು ಸಿಕ್ಕಿಸಿ ಸಲಿಕೆ ಹಿಡಿದಳು. ಮೊಣಕಾಲುದ್ದ ಅಗೆದರೂ ಬರೀ ಕೆಸರು.

"ಸಾಕು ಬಿಡಮ್ಮ," ಎಂದರು ಮ್ಯಾನೇಜರು.

"ನಿಮಗೆ ಸಾಕಾಗಿರಬಹುದು ಸಾರ್."

ಸೊಂಟದುದ್ದ ಇಳಿದಾಗ ಸಲಿಕೆ ಕಲ್ಲಿಗೆ ತಾಗಿತು. ಮಟಮಟ ಮಧ್ಯಾಹ್ನ, ಕತ್ತಲಿಗೆಂದು ಟಾರ್ಪಾಲು ಹೊದ್ದು ಅವಳು, ಮ್ಯಾನೇಜರು, ಹಿಂದೆಯೇ ಬಂದಿದ್ದ ನಾದಿನಿ ಮೂವರೂ ಗುಂಡಿಯಲ್ಲಿ ಕುಕ್ಕರುಗಾಲಲ್ಲಿ ಕೂತರು. ಅವಳು ಬ್ಯಾಟರಿಯ ನೇರಳೆ ದೀಪ ಹಾಕಿದಳು. ಕಾಲ ಕೆಳಗೆಲ್ಲ ಹಳದಿ.

"ಎಷ್ಟು ಆಳ ಇದೆ?" ಮ್ಯಾನೇಜರು ಕೇಳಿದರು.

"ಇಪ್ಪತ್ತಾರು ವರ್ಷದಷ್ಟು. ಬೆಣ್ಣೆ ಕೈಲಿಟ್ಕೊಂಡು ತುಪ್ಪಕ್ಕೆ ಊರೆಲ್ಲಾ ಅಲೆದ್ರಂತೆ!"

ಹದಿನೇಳು ಲಾರಿ ತುಂಬಿತು. ಮುಂದಿನ ತಿಂಗಳ ಮೊದಲ ದಿನ ಆಯುವ ಕೋಣೆ ಎಂದಿನಂತೆ ತೆರೆಯಿತು. ಹೊಸ ಸುರಂಗ ತೋಡುವಾಗ ಸಿಕ್ಕ ಕಲ್ಲುಗಳಲ್ಲಿ ಕೆಲವು ನಾದಿನಿಯ ಮೇಜಿನಲ್ಲಿ ಮಬ್ಬು ಕೆಂಪಾಗಿ ಹೊಳೆದವು.

"ಅತ್ತಿಗೆ, ಇದು ಕಸಾನೇ ಅಲ್ವಾ?"

"ಕಸಾನೇ. ಆದ್ರೂ ಬೇರೆ ಇಡು."

ನಾದಿನಿ ಈ ಸಲ ನಗಲಿಲ್ಲ. ಬುಟ್ಟಿ ಎತ್ತಿಕೊಂಡು, ಎಲ್ಲಿಗೆ ಎಂದೂ ಕೇಳದೆ, ಅರವತ್ತು ಹೆಜ್ಜೆ ನಡೆದಳು.