ಓರೆ ಅಕ್ಷರದ ಶೀನಣ್ಣ

ದುಬೈಯ ಅಲ್ ಕೂಜ್‌ನಲ್ಲಿದ್ದ ಶೀನಣ್ಣನ ಶೆಡ್ಡಿಗೆ ಯಾರೇ ಬರಲಿ, ಮೊದಲು ಬೆಲ್ಟು ಬಿಚ್ಚಬೇಕಿತ್ತು. ಬಕಲ್ ತಾಗಿ ಪೇಂಟಿಗೆ ಗೀರು ಬಿದ್ದೀತೆಂದು ಅವರ ಭಯ. ಸೂಟು ಹಾಕಿದವರೂ ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡೇ ಕಾರು ನೋಡುತ್ತಿದ್ದರು. "ನಾಚ್ಕೆ ಎಂತಕೆ ಮಾರಾಯ್ರೆ? ಪ್ಯಾಂಟ್ ಜಾರಿರೆ ಎತ್ಕಣ್ಲಕ್ಕ್. ಪೇಂಟ್ ಹೋರೆ ಬತ್ತಿಲ್ಲೆ," ಎನ್ನುತ್ತಿದ್ದರು ಶೀನಣ್ಣ.

ಅವರು ಕುಂದಾಪುರದ ಪೇಂಟರ್. ನಾನು ಹಳೆಯ ಕಾರು ಮಾರುವ ಹುಬ್ಬಳ್ಳಿಯವ. ಹಳೆಯ ಕಾರು ಕೊಳ್ಳುವವರಿಗೆ ನನ್ನದೊಂದು ಸಲಹೆ: ಬಾನೆಟ್ಟಿನ ಹೊಳಪಿಗೆ ಮರುಳಾಗಬೇಡಿ, ಡಿಕ್ಕಿಯ ಒಳಮೂಲೆ ನೋಡಿ. ಫ್ಯಾಕ್ಟರಿಯವರು ಅಲ್ಲಿ ಅವಸರದಲ್ಲಿ ಬಳಿದಿರುತ್ತಾರೆ, ಬಣ್ಣ ಹನಿಹನಿಯಾಗಿ ಇಳಿದಿರುತ್ತದೆ; ಅದೇ ಅಸಲಿಯ ಗುರುತು. ಶೀನಣ್ಣ ಆ ಇಳಿದ ಬಣ್ಣವನ್ನೂ ಇದ್ದಂತೆಯೇ ಉಳಿಸುತ್ತಿದ್ದರು.

ಒಮ್ಮೆ ಅಮೆರಿಕದಿಂದ ಒಂದು ಪೇಸ್ ಕಾರು ತರಿಸಿದೆ. ರೇಸಿನಲ್ಲಿ ಎಲ್ಲರ ಮುಂದೆ ಓಡಿ ವೇಗ ಹಿಡಿದುಕೊಡುವ ಕಾರು ಅದು. ಅದೇ ವೇಷದಲ್ಲಿ ಒಂದಷ್ಟು ಕಾರುಗಳನ್ನು ಜನರಿಗೂ ಮಾರಿದ್ದರು. ಮೈ ಬಿಳಿ, ಬಾನೆಟ್ಟಿನ ಮೇಲೆ ಕಿತ್ತಳೆ ಪಟ್ಟೆ, ಸೀಟಿಗೆ ಕಿತ್ತಳೆ-ಕಪ್ಪು ಚೌಕುಳಿ ಬಟ್ಟೆ, ಬಾಗಿಲ ಮೇಲೆ ರೇಸಿನ ಹೆಸರು. ಎಡಬಾಗಿಲ ಅಕ್ಷರಗಳು ಹಿಂದಕ್ಕೆ ಹೋಗುತ್ತಾ ಹೆಬ್ಬೆರಳಗಲ ಕೆಳಗಿಳಿದಿದ್ದವು. ಆ ಸ್ಟಿಕ್ಕರನ್ನು ಆಗ ಷೋರೂಮಿನವರು ಕೈಯಲ್ಲೇ ಅಂಟಿಸುತ್ತಿದ್ದರಂತೆ. ಶೀನಣ್ಣ ಬಟರ್ ಪೇಪರ್ ಇಟ್ಟು ಓರೆಯನ್ನು ಬರೆದುಕೊಂಡರು. ಮೈಯೆಲ್ಲ ಹೊಸದಾದ ಮೇಲೆ ಹೊಸ ಅಕ್ಷರಗಳನ್ನು ಅದೇ ಓರೆಯಲ್ಲಿ ಅಂಟಿಸಿದರು.

ಅಬುಧಾಬಿಯ ಖಾಲಿದಿಯಾದಿಂದ ಅರಬ್ ಗಿರಾಕಿಯೊಬ್ಬ ಬಂದ. ಸುತ್ತು ಹಾಕಿದ, ಮೆಚ್ಚಿದ, ಎಡಬಾಗಿಲ ಬಳಿ ನಿಂತ. "ಯೇ ಸೀದಾ ಕರೋ, ಫಿರ್ ಖಲಾಸ್. ಗಾಡಿ ಮೇರಾ."

ನಾನು ಶೀನಣ್ಣನನ್ನು ಪಕ್ಕಕ್ಕೆ ಕರೆದೆ. ಶೆಡ್ಡಿನ ಲೀಸು ಮುಗಿಯುತ್ತಿತ್ತು; ಈ ಮಾರಾಟದಲ್ಲಿ ಅವರ ಪಾಲು ಬಂದರೆ ಮಾತ್ರ ಶೆಡ್ಡು ಉಳಿಯುವುದಿತ್ತು.

"ಹಠಾ ಬಿಡ್ರಿ ಶೀನಣ್ಣಾ. ಸ್ಟಿಕ್ಕರ್ ಕಿತ್ತು ನೆಟ್ಟಗ ಹಚ್ಚ್ರಿ. ನಿಮ್ಮ ಶೆಡ್ ಉಳೀತದ."

"ಗಾಡಿ ನಿಮ್ದ್. ಬೇರೆಯವ್ರ್ ಹತ್ರ ಹಚ್ಸಿ, ನಾ ಬ್ಯಾಡ ಅಂಬುದಿಲ್ಲ. ನನ್ ಕೈಯಂಗೆ ಆತಿಲ್ಲೆ."

"ಯಾಕ್ರೀ?"

"ಕಾರ್ ಅಲ್ಲಿಂದ ಬಪ್ಪತಿಗೆ ಹಾಂಗೇ ಇದ್ದಿತ್ತ್, ಕಾಣಿ. ಅದನ್ನ ತಿದ್ದೂಕೆ ನಾ ಯಾರ್?"

ಗಿರಾಕಿ ಗಡಿಯಾರ ನೋಡಿದ. "ಯಲ್ಲಾ" ಎಂದು ಹೊರಟೇಬಿಟ್ಟ.

ಲೀಸು ಮುಗಿಯಿತು. ಶೀನಣ್ಣ ಶೆಡ್ಡು ಖಾಲಿ ಮಾಡಿ, ವೀಸಾ ಕ್ಯಾನ್ಸಲ್ ಮಾಡಿಸಿಕೊಂಡರು. ಊರಿಗೆ ಹೊರಡುವ ದಿನ ನನ್ನ ಅಂಗಡಿಗೆ ಬಂದು, ಕಾರಿನ ಎಡಬಾಗಿಲನ್ನು ಒಮ್ಮೆ ತೆಗೆದು ಮುಚ್ಚಿದರು. ಅದು ಕೂತ ಸದ್ದು ಕೇಳಿಸಿಕೊಂಡರು. "ಸಮಾ ಇತ್ತ್," ಎಂದರು. ಚಹಾ ಬೇಡವೆಂದರು. ಆಮೇಲೆ ಅವರನ್ನು ನೋಡಿಲ್ಲ.

ಕಾರು ಇನ್ನೂ ನನ್ನಲ್ಲೇ ಇದೆ. ಬಂದ ಗಿರಾಕಿಗಳೆಲ್ಲ ಆ ಓರೆಯನ್ನೇ ತೋರಿಸಿ ಚೌಕಾಸಿ ಮಾಡುತ್ತಾರೆ. ಸ್ಟಿಕ್ಕರ್ ಹಚ್ಚುವ ಮಲಬಾರಿನವ ಪಕ್ಕದಂಗಡಿಯಲ್ಲೇ ಇದ್ದಾನೆ. "ಐದು ನಿಮಿಷದ ಕೆಲಸ ಸೇಠ್, ಮಾಡಿಬಿಡಲೇ?" ಎಂದು ವಾರಕ್ಕೊಮ್ಮೆಯಾದರೂ ಕೇಳುತ್ತಾನೆ.

ಅಂಗಡಿ ಖಾಲಿ ಇದ್ದಾಗಲೂ, ಇವತ್ತು ಗಿರಾಕಿ ಇದ್ದಾರೆ, ನಾಳೆ ನೋಡೋಣ ಎನ್ನುತ್ತೇನೆ.